ಸಂಪಾದಕರ ಉತ್ತರ: ಬೆಂಚಿನ ಹೊಸ ಪಟ್ಟಿ

‘ನಾನು ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವಳು. ಏಳು ವರ್ಷಗಳಿಂದ ಮಧ್ಯಾಹ್ನದ ಬಿಡುವಿನಲ್ಲಿ ಕಚೇರಿಯ ಎರಡನೇ ಮಹಡಿಯ ಕಿಟಕಿಯಿಂದ ಎದುರಿನ ಬಸ್ ನಿಲ್ದಾಣದ ಫೋಟೋ ತೆಗೆಯುತ್ತಿದ್ದೇನೆ. ಈಚೆಗೆ ಪ್ರದರ್ಶನವೊಂದಕ್ಕೆ ಅರ್ಜಿ ತುಂಬುವಾಗ ಹೆಸರಿನ ಮುಂದೆ ಛಾಯಾಗ್ರಾಹಕಿ ಎಂದು ಬರೆದೆ. ಸ್ಟುಡಿಯೊ ನಡೆಸುವ ಪರಿಚಿತರೊಬ್ಬರು ನೋಡಿ ನಕ್ಕರು. ಬಚ್ಚಲಲ್ಲಿ ಹಾಡುವವರೆಲ್ಲ ಗಾಯಕರೇ ಎಂದು ಕೇಳಿದರು. ಮಳೆಯಿರಲಿ, ಜ್ವರವಿರಲಿ, ಹೇಳಿದ ಹೊತ್ತಿಗೆ ಹೋಗಿ ಚಿತ್ರ ತಂದುಕೊಡುವವನು ಮಾತ್ರ ಫೋಟೋಗ್ರಾಫರ್ ಎಂದರು. ನಾನು ಆ ಪದವನ್ನು ಹೊಡೆದು ಹವ್ಯಾಸಿ ಎಂದು ಬರೆದುಕೊಟ್ಟೆ. ಮನೆಗೆ ಬಂದ ಮೇಲೆ ಬೇಸರವಾಯಿತು. ನಾನು ಮಾಡಿದ್ದು ಸರಿಯೇ?’

(ಪತ್ರವನ್ನು ಸಂಕ್ಷೇಪಿಸಿದ್ದೇವೆ. ತಮ್ಮ ಹೆಸರು ಹಾಕಬಾರದೆಂದು ಓದುಗರು ಕೋರಿದ್ದಾರೆ.)

ಮೊದಲು ನಿಮ್ಮ ಜೊತೆಗಿನ ಜಗಳ ತೀರಿಸಿಕೊಳ್ಳುತ್ತೇನೆ. ನಿಮ್ಮ ಪತ್ರ ಮೂರು ಪುಟ. ಅದರಲ್ಲಿ ಒಂದೂವರೆ ಪುಟ ಕ್ಯಾಮೆರಾದ ಮಾದರಿ, ಲೆನ್ಸಿನ ಅಳತೆ, ಅದನ್ನು ಕೊಳ್ಳಲು ನೀವು ಪಟ್ಟ ಪಾಡು. ಉಳಿದದ್ದರಲ್ಲಿ ಮುಕ್ಕಾಲು ಪಾಲು ಸ್ಟುಡಿಯೊದವರ ನಗು. ಚಿತ್ರಗಳ ಬಗ್ಗೆ ಇರುವುದು ಒಂದೇ ಸಾಲು: ‘ಮಾದರಿಗೆಂದು ನಾಲ್ಕು ಚಿತ್ರ ಲಗತ್ತಿಸಿದ್ದೇನೆ.’ ನಿಮ್ಮ ಪತ್ರವನ್ನು ಹತ್ತು ನಿಮಿಷದಲ್ಲಿ ಓದಿ ಮುಗಿಸಿದೆ. ಆ ನಾಲ್ಕು ಚಿತ್ರಗಳು ಎರಡು ವಾರದಿಂದ ನನ್ನ ಮೇಜಿನ ಮೇಲಿವೆ. ಅವುಗಳ ಮಾತಿಗೆ ಆಮೇಲೆ ಬರುತ್ತೇನೆ.

ಸ್ಟುಡಿಯೊದವರ ಪಾಲನ್ನು ಸಲ್ಲಿಸಿಬಿಡೋಣ. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ನಲವತ್ತು ಜನರ ಗುಂಪಿನಲ್ಲಿ ಒಬ್ಬರೂ ಕಣ್ಣು ಮುಚ್ಚದ ಕ್ಷಣವನ್ನು ಹಿಡಿಯುವುದು ಮಕ್ಕಳಾಟವಲ್ಲ. ಇನ್ನೊಮ್ಮೆ ಮಾಡಿ ಎಂದು ಯಾರನ್ನೂ ಕೇಳಲಾಗದ ಸಂದರ್ಭದಲ್ಲಿ ಕೈ ನಡುಗದೆ ಕೆಲಸ ಮಾಡುವುದೂ ಸುಲಭವಲ್ಲ. ಹೊಟ್ಟೆಪಾಡಿಗಾಗಿ ಕ್ಯಾಮೆರಾ ಹಿಡಿದವರ ಬಗ್ಗೆ ನನಗೆ ಗೌರವವಿದೆ. ಇಷ್ಟು ಹೇಳಿದೆನಲ್ಲ, ಅವರ ಲೆಕ್ಕ ಚುಕ್ತಾ.

ಅವರು ಕೊಟ್ಟದ್ದು ನಂಬಿಕಸ್ಥ ಕಸುಬುದಾರನ ಲಕ್ಷಣ. ಮಳೆ ಜ್ವರ ಲೆಕ್ಕಿಸದೆ ಹೊತ್ತಿಗೆ ಸರಿಯಾಗಿ ಬರುವ ಗುಣ ಅಂಚೆಯವನಿಗೂ ಬೇಕು, ಬೀಗ ರಿಪೇರಿಯವನಿಗೂ ಬೇಕು. ಸಂಪಾದನೆಯನ್ನೇ ಅಳತೆಗೋಲು ಮಾಡಿಕೊಂಡು ಈ ಕಲೆಯ ಚರಿತ್ರೆಯನ್ನು ಜರಡಿ ಹಿಡಿದರೆ ಕಾಳೆಲ್ಲ ಕೆಳಗೆ ಸೋರಿಹೋಗುತ್ತದೆ. ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಕೈಗೆ ಕ್ಯಾಮೆರಾ ಬಂದದ್ದು 1863ರಲ್ಲಿ, ಅವರ ನಲವತ್ತೆಂಟನೇ ವಯಸ್ಸಿನಲ್ಲಿ. ಅದೂ ಮಗಳು ಅಳಿಯ ಕೊಟ್ಟ ಉಡುಗೊರೆ. ಅವರ ಚಿತ್ರಗಳು ಮಸುಕು ಮಸುಕು ಎಂದು ಆ ಕಾಲದ ಛಾಯಾಚಿತ್ರ ಪತ್ರಿಕೆಗಳು ಮೂಗು ಮುರಿದವು. ಆ ಮಸುಕಿನಲ್ಲಿ ಕಂಡ ಮುಖಗಳನ್ನು ನಾವು ಇಂದಿಗೂ ನೋಡುತ್ತೇವೆ, ಮೂಗು ಮುರಿದವರ ಹೆಸರು ನನಗೂ ನೆನಪಿಲ್ಲ. ವಿಲ್ಸನ್ ಬೆಂಟ್ಲಿ ಎಂಬಾತ ರೈತ. 1885ರ ಜನವರಿಯಲ್ಲಿ, ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ, ಒಂದು ಹಿಮದ ಹರಳನ್ನು ಅದು ಕರಗುವ ಮುನ್ನ ಹಿಡಿದ. ಒಂದು ಸಾಕಾಗಿತ್ತು. ಆದರೆ ಆತ ಪ್ರತಿ ಚಳಿಗಾಲವೂ ಹೊರಗೆ ಹೋಗಿ ನಿಂತ. 1931ರಲ್ಲಿ ಸಾಯುವಷ್ಟರಲ್ಲಿ ಐದು ಸಾವಿರಕ್ಕೂ ಹೆಚ್ಚು ಹರಳುಗಳ ಚಿತ್ರ ಮಾಡಿದ್ದ. ಅರ್ಜಿಯ ‘ವೃತ್ತಿ’ ಎಂಬ ಕಲಮಿನಲ್ಲಿ ಅವನು ‘ಬೇಸಾಯ’ ಎಂದೇ ಬರೆಯಬೇಕಿತ್ತು.

ಈ ಜಗಳ ಎಲ್ಲಿಂದ ಹುಟ್ಟಿತೆಂದು ಹೇಳುತ್ತೇನೆ. ಒಂದು ಕಾಲದಲ್ಲಿ ಯಾರು ಛಾಯಾಗ್ರಾಹಕ ಎಂಬ ಪ್ರಶ್ನೆಯೇ ಇರಲಿಲ್ಲ. ಗಾಜಿನ ಹಾಳೆಗೆ ಕಲೋಡಿಯನ್ ಎಂಬ ಅಂಟು ದ್ರಾವಣ ಸವರಿ, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಹಸಿಯಾಗಿರುವಾಗಲೇ ಚಿತ್ರ ತೆಗೆದು, ಒಣಗುವ ಮುನ್ನ ತೊಳೆಯಬೇಕಿತ್ತು. ಕತ್ತಲೆ ಗುಡಾರವನ್ನು ಹೋದಲ್ಲೆಲ್ಲ ಹೊತ್ತುಕೊಂಡು ಹೋಗಬೇಕಿತ್ತು. ಬೆಳ್ಳಿಯ ನೈಟ್ರೇಟ್ ತಾಗಿದ ಬೆರಳು ಕಪ್ಪಾಗುತ್ತದೆ, ಸುಲಭಕ್ಕೆ ಹೋಗುವುದಿಲ್ಲ. ಆ ಕಪ್ಪು ಬೆರಳೇ ಅವರ ಗುರುತಿನ ಚೀಟಿ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಕೊಡಕ್ ಕ್ಯಾಮೆರಾ ತಂದ. ನೂರು ಚಿತ್ರಗಳ ಸುರುಳಿ ಒಳಗೇ ಇರುತ್ತಿತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳುಹಿಸಿದರೆ ಅವರು ತೊಳೆದು, ಮುದ್ರಿಸಿ, ಹೊಸ ಸುರುಳಿ ತುಂಬಿ ಹಿಂದಿರುಗಿಸುತ್ತಿದ್ದರು. ಗುಂಡಿ ಒತ್ತುವುದಷ್ಟೇ ನಿಮ್ಮದು, ಉಳಿದದ್ದು ನಮ್ಮದು ಎಂದು ಜಾಹೀರಾತು ಸಾರಿತು. ಅಂದಿನಿಂದ ಬೆರಳು ನೋಡಿ ಹೇಳುವ ಹಾಗಿಲ್ಲ. ಕಸುಬಿನವರಿಗೆ ಹೊಟ್ಟೆಯಲ್ಲಿ ತಳಮಳ ಶುರುವಾಯಿತು, ಇನ್ನೂ ನಿಂತಿಲ್ಲ. ಜೇಬಿನ ಮೊಬೈಲ್ ಅದಕ್ಕೆ ತುಪ್ಪ ಸುರಿದಿದೆ, ಅಷ್ಟೆ.

ಈಗ ನನ್ನ ಹಟಕ್ಕೆ ಬರುತ್ತೇನೆ. ಈ ಅಂಕಣದ ಹಳೆಯ ಓದುಗರು ಬೇಕಾದರೆ ಪುಟ ಮಗುಚಬಹುದು, ಅವರಿಗೆ ಇದು ಬಾಯಿಪಾಠ. ಒಂದು ಚಿತ್ರ ತೆಗೆದು, ಅದು ಸಾಲದು ಎನಿಸಿ, ಅದೇ ಜಾಗಕ್ಕೆ ಮತ್ತೆ ಹೋಗುವವರು ಛಾಯಾಗ್ರಾಹಕರು. ಮೊದಲ ಸಲ ಯಾರು ಬೇಕಾದರೂ ಹೋಗಬಹುದು. ಕುತೂಹಲ ಕರೆದುಕೊಂಡು ಹೋಗುತ್ತದೆ, ಸಂಬಳ ಕರೆದುಕೊಂಡು ಹೋಗುತ್ತದೆ, ಬಸ್ ತಪ್ಪಿದ್ದಕ್ಕೂ ಹೋಗಿರಬಹುದು. ಎರಡನೇ ಸಲ ಹೋಗುವುದಕ್ಕೆ ಬೇರೆಯವರಿಗೆ ಹೇಳಲು ಬರುವಂಥ ಕಾರಣವಿರುವುದಿಲ್ಲ.

ಇದನ್ನು ನಮ್ಮ ಭಾಷೆಯೇ ನನಗೆ ಕಲಿಸಿದ್ದು. 1839ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಬಳಕೆಗೆ ತಂದ ಫೋಟೋಗ್ರಫಿ ಎಂಬ ಗ್ರೀಕ್ ಮೂಲದ ಪದಕ್ಕೆ ಬೆಳಕಿನ ಬರಹ ಎಂದು ಅರ್ಥ. ಕನ್ನಡಕ್ಕೆ ತರುವಾಗ ನಾವು ಬೆಳಕನ್ನು ಬಿಟ್ಟು ನೆರಳನ್ನು ಹಿಡಿದೆವು, ಛಾಯಾಗ್ರಾಹಕ ಎಂದೆವು. ಗ್ರಾಹಕ ಎಂದರೆ ಹಿಡಿಯುವವನು, ಸರಿ. ಆದರೆ ಇವತ್ತಿನ ಮಾತಿನಲ್ಲಿ ಗ್ರಾಹಕ ಎಂದರೆ ಗಿರಾಕಿ. ನಾನಂತೂ ಆ ಪದವನ್ನು ನೆರಳಿನ ಗಿರಾಕಿ ಎಂದೇ ಓದುತ್ತೇನೆ. ಅಂಗಡಿಯವನಿಗೆ ಒಂದು ಸಲ ಬಂದುಹೋದವನ ಮುಖ ನೆನಪಿರುವುದಿಲ್ಲ, ಕಾಯಂ ಗಿರಾಕಿ ಬಂದರೆ ಕೇಳುವ ಮೊದಲೇ ಸಾಮಾನು ತೆಗೆದಿಡುತ್ತಾನೆ. ನೆರಳಿನ ವ್ಯಾಪಾರವೂ ಹಾಗೆಯೇ. (ಪಂಡಿತರು ಪತ್ರ ಬರೆಯುವ ಶ್ರಮ ತೆಗೆದುಕೊಳ್ಳಬೇಡಿ. ಇದು ನಿಘಂಟಿನ ಅರ್ಥವಲ್ಲವೆಂದು ನನಗೂ ಗೊತ್ತು.)

ಡೊರೊಥಿಯಾ ಲ್ಯಾಂಗ್ ಕಥೆ ಹೇಳದೆ ಮುಂದೆ ಹೋಗಲಾರೆ. 1936ರ ಮಾರ್ಚ್. ಅಮೆರಿಕದ ಸರ್ಕಾರ ವಹಿಸಿದ್ದ ತಿಂಗಳ ತಿರುಗಾಟ ಮುಗಿಸಿ, ಮಳೆಯಲ್ಲಿ ಒಬ್ಬರೇ ಕಾರು ನಡೆಸಿಕೊಂಡು ಮನೆಗೆ ಹೊರಟಿದ್ದರು. ಪಕ್ಕದ ಸೀಟಿನಲ್ಲಿ ತೆಗೆದ ಚಿತ್ರಗಳ ಸುರುಳಿಗಳು ತುಂಬಿದ್ದವು. ಕ್ಯಾಲಿಫೋರ್ನಿಯಾದ ನಿಪೋಮೊ ಬಳಿ ಬಟಾಣಿ ಕೀಳುವವರ ಬಿಡಾರ ಎಂಬ ಫಲಕ ಕಣ್ಣಿಗೆ ಬಿತ್ತು. ನಿಲ್ಲಿಸಲಿಲ್ಲ. ಇಂಥ ಚಿತ್ರಗಳು ಬೇಕಾದಷ್ಟಿವೆ, ಇನ್ನೊಂದು ಏಕೆ ಎಂದು ತಮ್ಮೊಳಗೇ ವಾದ ಮಾಡಿಕೊಳ್ಳುತ್ತ ಸುಮಾರು ಇಪ್ಪತ್ತು ಮೈಲಿ ಮುಂದೆ ಹೋದರು. ಆಮೇಲೆ ಕಾರು ತಿರುಗಿಸಿದರು. ‘ವಲಸೆ ತಾಯಿ’ ಎಂದು ಜಗತ್ತು ಬಲ್ಲ ಚಿತ್ರ ಸಿಕ್ಕಿದ್ದು ಹಾಗೆ. ಸಂಬಳದ ಕೆಲಸ ಆಗಲೇ ಮುಗಿದಿತ್ತು, ನೋಡಿ. ಆ ಇಪ್ಪತ್ತು ಮೈಲಿಯ ವಾದದಲ್ಲಿ ಸೋತವಳು ಸರ್ಕಾರಿ ನೌಕರಳು, ಗೆದ್ದವಳು ಛಾಯಾಗ್ರಾಹಕಿ.

ಪ್ಯಾರಿಸ್ಸಿನ ಆಟ್ಜೆ ಇನ್ನೊಂದು ಬಗೆಯವರು. ಮೊದಲು ನಟರಾಗಿದ್ದವರು ಆಮೇಲೆ ಭಾರವಾದ ಮರದ ಕ್ಯಾಮೆರಾ ಹೊತ್ತು ಹಳೆಯ ಪ್ಯಾರಿಸ್ಸಿನ ಓಣಿಗಳನ್ನು, ಅಂಗಡಿಗಳ ಮುಂಭಾಗವನ್ನು, ಉದ್ಯಾನಗಳ ಮೆಟ್ಟಿಲುಗಳನ್ನು ದಶಕಗಳ ಕಾಲ ಸುತ್ತಿದರು. ಹೋದಲ್ಲಿಗೇ ಮತ್ತೆ ಮತ್ತೆ ಹೋದರು. ಮನೆಯ ಬಾಗಿಲಿಗೆ ಅವರು ಹಾಕಿಕೊಂಡ ಫಲಕದಲ್ಲಿ ಇದ್ದದ್ದು ‘ಕಲಾವಿದರಿಗೆ ಬೇಕಾದ ದಾಖಲೆಗಳು’ ಎಂದು. 1926ರಲ್ಲಿ ಕಲಾವಿದ ಮ್ಯಾನ್ ರೇ ಆಟ್ಜೆಯ ಕೆಲವು ಚಿತ್ರಗಳನ್ನು ಅತಿವಾಸ್ತವವಾದಿ ಕಲಾವಿದರ ಪತ್ರಿಕೆಗೆ ಕೊಡುವಾಗ, ನನ್ನ ಹೆಸರು ಹಾಕಬೇಡಿ, ಇವು ಬರೀ ದಾಖಲೆಗಳು ಎಂದು ಆಟ್ಜೆ ಹೇಳಿದರಂತೆ. ಮರುವರ್ಷ ತೀರಿಕೊಂಡರು. ಹೆಸರು ಹಾಕಬಾರದೆಂದು ಕೋರುವ ವಂಶ ದೊಡ್ಡದು, ನೀವೊಬ್ಬರೇ ಅಲ್ಲ.

ಒಂದೇ ಸಲಕ್ಕೆ ಸಿಕ್ಕ ಅದ್ಭುತಗಳಿಲ್ಲವೇ ಎಂದು ಕೇಳುವಿರಿ. ಕೇಳಬೇಕು. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರ ನವೆಂಬರಿನ ಒಂದು ಸಂಜೆ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಏರುವುದನ್ನು ಕಂಡು ಕಾರು ನಿಲ್ಲಿಸಿದರು. ಬೆಳಕು ಅಳೆಯುವ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪಿನ ಪ್ರಮಾಣ ನೆನಪಿತ್ತು, ಮನಸ್ಸಿನಲ್ಲೇ ಲೆಕ್ಕ ಹಾಕಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಸ್ಮಶಾನದ ಬಿಳಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ನನ್ನ ಸಿದ್ಧಾಂತ ಇಲ್ಲಿ ಮುಗ್ಗರಿಸಬೇಕು. ಆದರೆ ಆ ಒಂದು ನೆಗೆಟಿವ್ ಬಳಿಗೆ ಆಡಮ್ಸ್ ದಶಕಗಳ ಕಾಲ ಮತ್ತೆ ಮತ್ತೆ ಹೋದರು. ಮುಂಭಾಗ ತೆಳುವಾಗಿದೆಯೆಂದು ನೆಗೆಟಿವನ್ನೇ ರಸಾಯನದಲ್ಲಿ ಅದ್ದಿ ಬಲಪಡಿಸಿದರು. ಹೊಸ ಪ್ರಿಂಟ್‌ಗಳಲ್ಲಿ ಆಕಾಶವನ್ನು ಕಪ್ಪಾಗಿಸುತ್ತ ಹೋದರು. ಪಿಯಾನೊ ಕಲಿತವರಾದ್ದರಿಂದ ನೆಗೆಟಿವ್ ಎಂದರೆ ಸ್ವರಲಿಪಿ, ಪ್ರಿಂಟ್ ಎಂದರೆ ಸಂಗೀತ ಕಚೇರಿ ಎನ್ನುತ್ತಿದ್ದರು. ಕತ್ತಲೆ ಕೋಣೆಗೆ ಹಿಂದಿರುಗುವುದೂ ಹಿಂದಿರುಗುವುದೇ. ಇದಕ್ಕೆ ತಿರುಗುಮುರುಗಾಗಿ, ಅಮೆರಿಕದ ಬೀದಿಗಳ ಚಿತ್ರ ತೆಗೆದ ಗ್ಯಾರಿ ವಿನೊಗ್ರ್ಯಾಂಡ್ 1984ರಲ್ಲಿ ಸಾಯುವಾಗ ತೊಳೆಯದೇ ಉಳಿದ ಸುಮಾರು 2,500 ರೀಲುಗಳನ್ನು ಬಿಟ್ಟುಹೋದರು. ಅವರು ದೊಡ್ಡವರು, ಅನುಮಾನವಿಲ್ಲ. ಆದರೆ ಆ ಎರಡೂವರೆ ಸಾವಿರ ರೀಲುಗಳ ಮಟ್ಟಿಗೆ ಅವರು ಛಾಯಾಗ್ರಾಹಕರೇ ಅಥವಾ ಗುಂಡಿ ಒತ್ತಿದವರೇ ಎಂದು ನಾನು ಒಬ್ಬನೇ ಇರುವಾಗ ಕೇಳಿಕೊಳ್ಳುವುದುಂಟು.

ನಾನು ಉಪಸಂಪಾದಕನಾಗಿ ಸೇರಿದ ಕಾಲದಲ್ಲಿ ಪತ್ರಿಕೆಯೊಂದರಲ್ಲಿ ಹಿರಿಯ ಛಾಯಾಗ್ರಾಹಕರೊಬ್ಬರಿದ್ದರು. ಮಾತು ಕಡಿಮೆ. ಚಿತ್ರ ತೊಳೆಯುವ ಹೈಪೋ ರಸಾಯನದ ವಾಸನೆ ಅವರಿಗಿಂತ ಮೊದಲು ಕೋಣೆಯೊಳಕ್ಕೆ ಬರುತ್ತಿತ್ತು. ಒಂದು ದೊಡ್ಡ ಸಭೆಯ ಚಿತ್ರ ತರಲು ಕಳುಹಿಸಿದ್ದೆವು. ವೇದಿಕೆ, ಹಾರ, ಭಾಷಣ, ಚಪ್ಪಾಳೆ, ಎಲ್ಲ ಹೊತ್ತಿಗೆ ಸರಿಯಾಗಿ ಬಂದವು, ಅಚ್ಚಾದವು. ಮರುದಿನ ಬೆಳಿಗ್ಗೆ ಅವರು ಯಾರಿಗೂ ಹೇಳದೆ ಆ ಖಾಲಿ ಸಭಾಂಗಣಕ್ಕೆ ಮತ್ತೆ ಹೋಗಿದ್ದರು. ಇಡೀ ರೀಲಿನ ಚಿತ್ರಗಳನ್ನು ಪುಟ್ಟದಾಗಿ ಒಂದೇ ಹಾಳೆಯಲ್ಲಿ ಮುದ್ರಿಸಿದ ಕಾಂಟ್ಯಾಕ್ಟ್ ಶೀಟನ್ನು ನನ್ನ ಮುಂದೆ ಇಟ್ಟು ಭೂತಗನ್ನಡಿ ಕೊಟ್ಟರು. ಮೂವತ್ತಾರು ಚಿತ್ರಗಳಲ್ಲಿ ಮೂವತ್ತೈದರ ಮೇಲೆ ಕೆಂಪು ಪೆನ್ಸಿಲಿನ ಕತ್ತರಿ ಗುರುತು. ಉಳಿದ ಒಂದರಲ್ಲಿ ಸಾಲು ಸಾಲು ಖಾಲಿ ಕುರ್ಚಿಗಳು, ಮೊದಲ ಸಾಲಿನ ಒಂದು ಕುರ್ಚಿಯ ಕೆಳಗೆ ಯಾರೋ ಬಿಟ್ಟುಹೋದ ಒಂಟಿ ಚಪ್ಪಲಿ. ಒಂದು ಕಾಲು ಬರಿಗಾಲಾಗಿ ಮನೆಗೆ ಹೋದವರು ಯಾರು? ‘ಇದನ್ನು ಎಲ್ಲಿ ಹಾಕುವುದು ಸಾರ್?’ ಎಂದೆ, ಪೆದ್ದನ ಹಾಗೆ. ‘ಹಾಕಬೇಡಿ, ನೋಡಿ’ ಎಂದರು. ಹಿಂದಿನ ದಿನದ ಚಿತ್ರಗಳು ಅವರ ನೌಕರಿ. ಈ ಒಂದರಿಂದ ನನ್ನ ಹಟ ಹುಟ್ಟಿತು.

ಈಗ ನಿಮ್ಮ ನಾಲ್ಕು ಚಿತ್ರಗಳು.

ನಾಲ್ಕನೆಯದನ್ನು ನೀವು ಕಳುಹಿಸಬಾರದಿತ್ತು. ಕೆಂಪು ಆಕಾಶ ಚೆನ್ನಾಗಿದೆ, ಆದರೆ ಅದು ಆಕಾಶದ ಸಾಧನೆ. ಕನ್ನಡದಲ್ಲಿ ಫೋಟೋ ತೆಗೆಯುತ್ತೇವೆ, ಕಸವನ್ನೂ ತೆಗೆಯುತ್ತೇವೆ, ಕ್ರಿಯಾಪದ ಒಂದೇ. ಎರಡನೇ ಅರ್ಥದ ತೆಗೆಯುವಿಕೆ ನಿಮಗಿನ್ನೂ ಕೈಗೆ ಹತ್ತಿಲ್ಲ. ಮೊದಲನೆಯದು ಪರವಾಗಿಲ್ಲ: ಬಸ್ಸು ಇನ್ನೂ ಚೌಕಟ್ಟಿನೊಳಗೆ ಬಂದಿಲ್ಲ, ಅದರ ನೆರಳು ಮಾತ್ರ ಬಲಗಡೆಯಿಂದ ನುಗ್ಗಿದೆ, ಕಾಯುವವರ ತಲೆಗಳೆಲ್ಲ ಒಟ್ಟಿಗೆ ಆ ಕಡೆ ಹೊರಳಿವೆ.

ಎರಡನೆಯದನ್ನೂ ಮೂರನೆಯದನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದಾಗ ನಾನು ಕುರ್ಚಿಯಿಂದ ಎದ್ದೆ. ಎರಡನೆಯದರಲ್ಲಿ ಬೆಂಚಿನ ಮರದ ಪಟ್ಟಿಗಳಲ್ಲಿ ನಡುವಿನದೊಂದು ಇಲ್ಲ. ಅದರ ಮೇಲೆ ಕೂತ ಮೂವರೂ ಆ ಸಂದನ್ನು ತಪ್ಪಿಸಿ, ತುಸು ಮುಂದಕ್ಕೆ ಜಾರಿ, ಮೊಣಕಾಲಿಗೆ ಭಾರ ಕೊಟ್ಟು ಕೂತಿದ್ದಾರೆ. ಮೂರನೆಯದರಲ್ಲಿ ಹೊಸ ಪಟ್ಟಿ ಬಂದಿದೆ, ಬಣ್ಣ ಬಳಿದಿಲ್ಲ, ಹಳೆಯ ಹಸಿರಿನ ನಡುವೆ ಹಸಿ ಮರದ ಬಿಳುಪು. ಆದರೆ ಅದರ ಮೇಲೆ ಕೂತವರು ಇನ್ನೂ ಮುಂದಕ್ಕೆ ಜಾರಿಯೇ ಕೂತಿದ್ದಾರೆ. ಬೆಂಚು ದುರಸ್ತಿಯಾಗಿದೆ, ಮೈಗೆ ಇನ್ನೂ ಸುದ್ದಿ ಮುಟ್ಟಿಲ್ಲ! ಒಂದು ದಿನ ಬಂದು ಹೋದವರಿಗೆ ಇದು ಸಿಗುವುದು ಸಾಧ್ಯವೇ? ನಿಮ್ಮ ಪತ್ರದಲ್ಲಿ ಲೆನ್ಸಿನ ಅಳತೆ ಇದೆ, ಈ ಪಟ್ಟಿಯ ಮಾತಿಲ್ಲ. ಅಳತೆಯ ಬಗ್ಗೆ ಬರೆದವಳು ಅರ್ಜಿಯಲ್ಲಿ ಪದ ಹೊಡೆದುಹಾಕಿದ ಹೆಂಗಸು. ಪಟ್ಟಿಯನ್ನು ಕಂಡವಳು ಛಾಯಾಗ್ರಾಹಕಿ. ಹವ್ಯಾಸಿ ಎಂದು ಬರೆದದ್ದು ತಪ್ಪು. ಅದು ವಿನಯವಲ್ಲ, ಹೆದರಿಕೆ.

ಇನ್ನೊಂದು ಗದರಿಕೆ ಬಾಕಿಯಿದೆ. ಎರಡನೇ ಚಿತ್ರದಲ್ಲಿ ಬೆಂಚಿನ ತುದಿಯ ಮಗು ನೇರ ನಿಮ್ಮ ಕಿಟಕಿಯನ್ನು ನೋಡುತ್ತಿದೆ. ಅದಕ್ಕೆ ನೀವು ಗೊತ್ತು. ಏಳು ವರ್ಷಗಳಲ್ಲಿ ಒಮ್ಮೆಯಾದರೂ ಆ ಎರಡು ಮಹಡಿ ಇಳಿದು ಹೋಗಿದ್ದೀರಾ? ಲ್ಯಾಂಗ್ ಇಪ್ಪತ್ತು ಮೈಲಿ ಹಿಂದಿರುಗಿದರು ಎಂದೆನಲ್ಲ, ಆ ಕಥೆಯ ಉಳಿದ ಅರ್ಧ ಹೇಳಲಿಲ್ಲ. ಅವರು ಆ ತಾಯಿಯ ಹೆಸರು ಕೇಳಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ, ಚಿತ್ರ ತೆಗೆದು ನಲವತ್ತೆರಡು ವರ್ಷವಾದ ಮೇಲೆ. ಚಿತ್ರದ ಪ್ರತಿ ಕಳುಹಿಸುತ್ತೇನೆಂದವರು ಕಳುಹಿಸಲೇ ಇಲ್ಲ, ಆ ಚಿತ್ರ ತೆಗೆಯದಿದ್ದರೇ ಚೆನ್ನಾಗಿತ್ತು ಎಂದು ಆಕೆ ನೊಂದುಕೊಂಡಿದ್ದರು. ಒಮ್ಮೆ ಹಿಂದಿರುಗಿದವರು ಇನ್ನೊಮ್ಮೆ ಹಿಂದಿರುಗಲಿಲ್ಲ. ನನ್ನ ಹಟ ನನ್ನ ನೆಚ್ಚಿನವರನ್ನೂ ಬಿಡುವುದಿಲ್ಲ, ಏನು ಮಾಡಲಿ.

ಹೆಸರಿನ ಮಾತು ಬಂತು, ಇನ್ನು ಸುಮ್ಮನಿರಲಾರೆ. ನೀವು ಒಂದು ಪದ ಬರೆದುಕೊಳ್ಳಲು ಇಷ್ಟು ಅಂಜುತ್ತೀರಿ. ಅತ್ತ ಚಿತ್ರ ತೆಗೆದವರ ಹೆಸರನ್ನು ಒರೆಸಿಹಾಕುವವರಿಗೆ ಯಾವ ಅಂಜಿಕೆಯೂ ಇಲ್ಲ. ‘ಚಿತ್ರಕೃಪೆ: ಅಂತರ್ಜಾಲ’ ಎಂದು ಅಚ್ಚಾಗುವುದನ್ನು ನೋಡಿದ್ದೀರಲ್ಲ. ಈ ಅಂತರ್ಜಾಲ ಎಂಬ ಮಹಾನುಭಾವನಷ್ಟು ದುಡಿದ ಛಾಯಾಗ್ರಾಹಕ ಭೂಮಿಯ ಮೇಲೆ ಹುಟ್ಟಿಲ್ಲ. ಹುಲಿಯ ಮುಂದೆ ಅವನೇ, ಯುದ್ಧಭೂಮಿಯಲ್ಲಿ ಅವನೇ, ಸಮುದ್ರದ ತಳದಲ್ಲೂ ಅವನೇ. ಸಂಭಾವನೆ ಕೇಳುವುದಿಲ್ಲ, ಮೊಕದ್ದಮೆ ಹೂಡುವುದಿಲ್ಲ, ಎಂಥ ಸಜ್ಜನ! ನಮ್ಮ ಪತ್ರಿಕೆಯ ಕೈಯೂ ಶುದ್ಧವಲ್ಲ. ಹಿಂದಿನ ಸಂಚಿಕೆಯನ್ನು ತಿರುವಿಹಾಕಿದೆ, ಎರಡು ಕಡೆ ಅವನ ಹೆಸರಿದೆ. ನಾನು ಸಹಿ ಹಾಕಿದ ಪುಟಗಳು. ಇನ್ನು ಸ್ಪರ್ಧೆಗಳು: ‘ಬಂದ ಚಿತ್ರಗಳ ಸರ್ವ ಹಕ್ಕುಗಳೂ ಸಂಘಟಕರವು’ ಎಂಬ ಸಾಲು ಸಣ್ಣ ಅಕ್ಷರದಲ್ಲಿ ಕೊನೆಯಲ್ಲಿರುತ್ತದೆ. ಒಬ್ಬರಿಗೆ ಬಹುಮಾನ, ಉಳಿದವರೆಲ್ಲರದ್ದು ದಾನ. ಚಿತ್ರ ಬೇಕೆಂದು ಕೇಳುವವರು ‘ಹೆಸರು ಹಾಕುತ್ತೇವೆ, ಸಾಲದೇ?’ ಎನ್ನುತ್ತಾರೆ. ಹಾಕುವ ಹೆಸರೂ ಅರ್ಧ ಸಲ ತಪ್ಪಿರುತ್ತದೆ.

ಈ ದುಃಖ ಛಾಯಾಗ್ರಹಣದಷ್ಟೇ ಹಳೆಯದು. ಫ್ರಾನ್ಸಿನ ಇಪೊಲಿಟ್ ಬಯಾರ್ 1839ರ ಜೂನ್‌ನಲ್ಲೇ ಕಾಗದದ ಮೇಲೆ ಮೂಡಿಸಿದ ಚಿತ್ರಗಳನ್ನು ಪ್ರದರ್ಶಿಸಿದ್ದರು. ಛಾಯಾಚಿತ್ರ ಮೂಡಿಸುವ ಬೇರೊಂದು ವಿಧಾನ ಕಂಡುಹಿಡಿದಿದ್ದ ಫ್ರಾನ್ಸಿನವರೇ ಆದ ಡಗೇರ್ ಅವರ ಗುಟ್ಟು ಹೊರಬಿದ್ದದ್ದು ಆಗಸ್ಟಿನಲ್ಲಿ. ಆದರೂ ಕೀರ್ತಿಯೂ ಸರ್ಕಾರದ ಪಿಂಚಣಿಯೂ ಡಗೇರ್‌ಗೆ ಹೋದವು. 1840ರಲ್ಲಿ ಬಯಾರ್ ಕಣ್ಣು ಮುಚ್ಚಿ ಒರಗಿ ಕೂತು, ನೀರಿಗೆ ಬಿದ್ದು ಸತ್ತವನಂತೆ ತಮ್ಮದೇ ಚಿತ್ರ ತೆಗೆದುಕೊಂಡರು. ಅದರ ಬೆನ್ನಿಗೆ, ಡಗೇರ್‌ಗೆ ಅಷ್ಟು ಕೊಟ್ಟ ಸರ್ಕಾರ ಬಯಾರ್‌ಗೆ ಏನೂ ಕೊಡಲಿಲ್ಲ, ಪಾಪ ಮುಳುಗಿ ಸತ್ತ ಎಂಬರ್ಥದ ಬರಹ ಬರೆದರು. ಹೆಸರು ಸಿಗಲಿಲ್ಲ ಎಂಬ ಮೊದಲ ದೂರು ಛಾಯಾಚಿತ್ರವಾಗಿಯೇ ಸಲ್ಲಿಕೆಯಾಯಿತು. ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮೈ ವ್ಯಾರಾವಾಲಾ ಅವರ ಆರಂಭದ ಚಿತ್ರಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ. ಇವೆರಡನ್ನೂ ನೆನೆದರೆ ಆಟ್ಜೆಯ ‘ಹೆಸರು ಹಾಕಬೇಡಿ’ ನನಗೆ ವೈರಾಗ್ಯವಾಗಿ ಕಾಣುವುದಿಲ್ಲ. ಯಾರಾದರೂ ಕಿತ್ತುಕೊಳ್ಳುವ ಮೊದಲೇ ಕೊಟ್ಟುಬಿಡುವವರ ಜಾಣತನದಂತೆ ಕಾಣುತ್ತದೆ.

ಯಂತ್ರವೇ ಕಲ್ಪಿಸಿಕೊಡುವ ಚಿತ್ರಗಳ ಬಗ್ಗೆಯೂ ನೀವು ಅಂಚಿನಲ್ಲಿ ಕೇಳಿದ್ದೀರಿ. 2023ರಲ್ಲಿ ಜರ್ಮನಿಯ ಕಲಾವಿದ ಬೋರಿಸ್ ಎಲ್ಡಾಗ್ಸೆನ್ ಅಂಥದೊಂದನ್ನು ಹೆಸರಾಂತ ಛಾಯಾಚಿತ್ರ ಸ್ಪರ್ಧೆಗೆ ಕಳುಹಿಸಿ, ಗೆದ್ದು, ಇದು ಛಾಯಾಚಿತ್ರವಲ್ಲ ಎಂದು ತಾವೇ ಬಹುಮಾನ ನಿರಾಕರಿಸಿದರು. ನನಗೆ ಅದರ ಬಗ್ಗೆ ಕೋಪವೇನಿಲ್ಲ. ಮತ್ತೆ ಹೋಗಿ ನೋಡೋಣವೆಂದರೆ ಅಲ್ಲೊಂದು ಜಾಗವೇ ಇಲ್ಲ, ಅಷ್ಟೇ ನನ್ನ ತಕರಾರು.

ಎರಡನೇ ಮತ್ತು ಮೂರನೇ ಚಿತ್ರಗಳನ್ನು ಮುಂದಿನ ಸಂಚಿಕೆಯಲ್ಲಿ ಎದುರುಬದುರು ಪುಟಗಳಲ್ಲಿ ಹಾಕಬೇಕೆಂದಿದ್ದೇನೆ, ಆ ಮಗುವಿನ ಮನೆಯವರ ಒಪ್ಪಿಗೆಯನ್ನು ನೀವು ತಂದರೆ. ಅದಕ್ಕೆ ಕೆಳಗಿಳಿಯಲೇಬೇಕು. ಸಂಭಾವನೆ ಕಳುಹಿಸುತ್ತೇವೆ. ನಾಲ್ಕನೆಯದನ್ನು ಇದರೊಂದಿಗೆ ವಾಪಸು ಕಳುಹಿಸಿದ್ದೇನೆ. ಹೆಸರಿಲ್ಲದೆ ಅಚ್ಚು ಹಾಕುವುದಿಲ್ಲ. ಅಂತರ್ಜಾಲನಿಗೆ ಆಗಲೇ ಕೆಲಸ ಹೆಚ್ಚಾಗಿದೆ. ಹೆಸರನ್ನು ಹೇಗೆ ಬರೆಯಬೇಕೆಂದು ದೊಡ್ಡ ಅಕ್ಷರದಲ್ಲಿ ಬರೆದು ಕಳುಹಿಸಿ. ಬೆಂಚಿಗೆ ಹೊಸ ಪಟ್ಟಿ ಹಾಕಿದ್ದು ಯಾವ ತಿಂಗಳು ಎಂಬುದನ್ನೂ ತಿಳಿಸಿ, ಅಡಿಬರಹಕ್ಕೆ ಬೇಕು.

— ಸಂ.